ಕಲ್ಲುತೊಟ್ಟಿ ಬಂದು ಕಲಗಚ್ಚು ಹೋದದ್ದು

ಹಿರಿಯೂರು ಪೇಟೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ರೇವಣಸಿದ್ದಪ್ಪ ಒಂದು ಬೇಸಿಗೆಯಿಡೀ ಎಮ್ಮೆಗಳ ಮುಖ ನೋಡದೆ ಬದುಕಿದ. ಎದುರಿಗೆ ಎಮ್ಮೆ ಬಂದರೆ ಪಕ್ಕದ ಸಂದಿಗೆ ತಿರುಗುತ್ತಿದ್ದ. ಸಂದಿಯಲ್ಲೂ ಒಂದು ನಿಂತಿದ್ದರೆ ಮಳೆ ಬರುತ್ತದೋ ಎಂಬಂತೆ ತಲೆಯೆತ್ತಿ ಆಕಾಶ ನೋಡುತ್ತಿದ್ದ. ಹಿರಿಯೂರಿನಲ್ಲಿ ಬೇಸಿಗೆಯ ಆಕಾಶ ನೋಡುವವನನ್ನು ಯಾರೂ ಅನುಮಾನಿಸುವುದಿಲ್ಲ. ಅಲ್ಲಿ ಎಲ್ಲರೂ ನೋಡುವುದು ಅದನ್ನೇ.

ನಿಜಕ್ಕೂ ಅವನು ಹೆದರುತ್ತಿದ್ದದ್ದು ಒಂದೇ ಎಮ್ಮೆಗೆ. ಹಿಂದಿನ ಓಣಿಯ ಮುದ್ದಕ್ಕನ ಚುಕ್ಕಿ, ಹಣೆಯ ಮೇಲೆ ಬಿಳಿ ಮಚ್ಚೆ ಇದ್ದದ್ದು. ಆದರೆ ತಪ್ಪು ಮಾಡಿದವನ ಕಣ್ಣಿಗೆ ಎಲ್ಲ ಎಮ್ಮೆಗಳ ಹಣೆಯ ಮೇಲೂ ಮಚ್ಚೆ ಕಾಣುತ್ತದೆ.

ಆಳು ಕೆಟ್ಟವನಲ್ಲ. ಪ್ರಾಯದ ಒಳ್ಳೆಯ ವರ್ಷಗಳನ್ನು ಮಾರಿಕಣಿವೆಯಲ್ಲಿ ಕಳೆದಿದ್ದ. ವೇದಾವತಿಗೆ ಅಡ್ಡಲಾಗಿ ಸರ್ಕಾರ ಕಟ್ಟೆ ಕಟ್ಟಿಸುತ್ತಿದ್ದಾಗ ಅಲ್ಲಿ ಉಗ್ರಾಣದ ಗುಮಾಸ್ತ. ಸುಣ್ಣ, ಗೋಣಿಚೀಲ, ಹಗ್ಗಗಳ ಉಸ್ತುವಾರಿ. ಕಟ್ಟೆಯ ಒಂದು ಕಲ್ಲನ್ನೂ ಅವನು ಎತ್ತಿದವನಲ್ಲ. ಆದರೂ ಕೆಲಸ ಮುಗಿದು, ಊರಿಗೆ ಬಂದು, ಅಪ್ಪನ ಮಂಡಿಯಲ್ಲಿ ಕೂತ ಮೇಲೆ ಅವನ ಮಾತು ಶುರುವಾಗುತ್ತಿದ್ದದ್ದೇ "ನಾವು ಕಟ್ಟೆ ಕಟ್ಟೋವಾಗ" ಅಂತ. ಕೊಬ್ಬರಿ ಮಾರಲು ಬಂದ ರೈತರು ಅದನ್ನು ಕೇಳಿಸಿಕೊಂಡು, "ಹೌದಾ ಸ್ವಾಮಿ, ನೀವು ಕಟ್ಟಿದ್ದಕ್ಕೇ ನೀರು ನಿಂತೈತೆ" ಅಂದು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುತ್ತಿದ್ದರು.

ಆ ಕಾಲದಲ್ಲೇ ಒಮ್ಮೆ ಇಂಜಿನಿಯರ್ ದೊರೆಯ ಬಂಗಲೆಗೆ ಉಗ್ರಾಣದ ಬೀಗದಕೈ ಕೊಡಲು ಹೋಗಿ, ದಾರಿ ತಪ್ಪಿ ಅಡಿಗೆಮನೆಗೆ ಹೊಕ್ಕಿದ್ದ. ಅಲ್ಲಿ ಮದರಾಸಿನ ಕಡೆಯ ಬಟ್ಲರ್ ಒಬ್ಬ ಪಾತ್ರೆ ತೊಳೆಯುತ್ತಿದ್ದ, ಅದೂ ನಿಂತುಕೊಂಡು. ಸೊಂಟದ ಎತ್ತರಕ್ಕೆ ಕಲ್ಲಿನ ಚಪ್ಪಡಿ, ಅದರ ನಡುವೆ ಬಿಳೀ ಪಿಂಗಾಣಿ ತೊಟ್ಟಿ. ನೀರು ಗೊಳಕ್ಕೆಂದು ತಿರುಗಿ ಒಂದು ತೂತಿನಲ್ಲಿ ಮಾಯವಾಯಿತು.

"ಎಲ್ಲಿಗೆ ಹೋತದು?" ಎಂದ ರೇವಣಸಿದ್ದಪ್ಪ.

"ಹೊರಗೆ."

"ಹೊರಗೆ ಅಂದ್ರೆ?"

"ಹೊರಗೆ ಅಂದ್ರೆ ಹೊರಗೆ. ಆಮೇಲೆ ನಮಗ್ಯಾಕೆ?" ಎಂದ ಬಟ್ಲರ್.

ಆ ಮಾತಿನ ಗತ್ತು ಅವನಿಗೆ ಬಹಳ ಹಿಡಿಸಿತು. ತೊಟ್ಟಿಯ ಹೆಸರೇನೆಂದು ಕೇಳಿದ. ಸಿಂಕು ಎಂದು ಉತ್ತರ ಬಂತು. ಇಂಗ್ಲಿಷಿನಲ್ಲಿ ಆ ಪದಕ್ಕೆ ಮುಳುಗು ಎಂಬ ಅರ್ಥವೂ ಉಂಟೆಂದು ಅವನಿಗೆ ಯಾರೂ ಹೇಳಲಿಲ್ಲ. ಸಿಂಕಿಗೂ ಸಂಕಟಕ್ಕೂ ಇರುವ ನೆಂಟಸ್ತನ ಅವನು ಅನುಭವದಿಂದಲೇ ಕಲಿಯಬೇಕಾಯಿತು.

ಅವನ ಸ್ವಂತ ಮನೆಯಲ್ಲಿ ನೀರಿಗೆ ಮೂರು ದಾರಿ ಇದ್ದವು. ಅಕ್ಕಿ ಬೇಳೆ ತೊಳೆದ ನೀರು, ಅಂಬಲಿ ಗಡಿಗೆಯ ಗಸಿ, ಸೋರೆಕಾಯಿ ಸಿಪ್ಪೆ ಎಲ್ಲ ಹಿತ್ತಲ ಬಾಗಿಲ ಪಕ್ಕದ ದೊಡ್ಡ ಮಣ್ಣಿನ ಬಾನಿಗೆ. ಅದು ಕಲಗಚ್ಚು, ಎಮ್ಮೆಯ ಪಾಲು. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದ ಪಾತ್ರೆಯ ನೀರು ನುಗ್ಗೆಮರದ ಬುಡಕ್ಕೆ. ಇನ್ನು ಉಂಡ ತಟ್ಟೆ ತೊಳೆದ ನೀರು ಹೊಟ್ಟೆಗೆ. ಪ್ರಸಾದದ ಒಂದಗುಳೂ ನೆಲಕ್ಕೆ ಬೀಳಬಾರದೆಂದು ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ, ಕುಡಿದು ಏಳುವುದು ಆ ಮನೆತನದ ಪದ್ಧತಿ. ಹೀಗಾಗಿ ಮುಂದೆ ತೊಟ್ಟಿ ಮಾಡಿಸಿದ ಮಹಾನುಭಾವ ತನ್ನ ತಟ್ಟೆಯಿಂದ ಅದಕ್ಕೆ ಒಂದು ತೊಟ್ಟು ನೀರನ್ನೂ ಕೊಟ್ಟವನಲ್ಲ.

ಬಾನಿಯ ಕಲಗಚ್ಚು ಮುದ್ದಕ್ಕನದು. ಇದು ರೇವಣಸಿದ್ದಪ್ಪನ ತಾಯಿಯ ಕಾಲದಿಂದ ನಡೆದುಬಂದದ್ದು. ಯಾರೂ ಮಾತಾಡಿ ಗೊತ್ತು ಮಾಡಿದ್ದಲ್ಲ. ಮುದ್ದಕ್ಕ ಗಂಡನನ್ನು ಕಳಕೊಂಡ ಹೆಂಗಸು. ಅವಳಿಗಿದ್ದದ್ದು ಒಂದು ಎಮ್ಮೆ, ಒಂದು ಮೊಸರಿನ ಗಡಿಗೆ, ಎರಡು ಓಣಿಗೆ ಕೇಳುವ ಗಂಟಲು. ಹೊತ್ತೇರುವಾಗ ಕೊಡ ಹಿಡಿದು ಹಿತ್ತಲಿಗೆ ಬರುತ್ತಿದ್ದಳು. ರೇವಣಸಿದ್ದಪ್ಪನ ಹೆಂಡತಿ ಕೊಟ್ರಮ್ಮ ಬಾನಿಗೆ ಒಂದು ಹಿಡಿ ತೌಡು, ಚಿಟಿಕೆ ಉಪ್ಪು ಹಾಕಿ ಕಲಕಿಕೊಡುತ್ತಿದ್ದಳು. ಕೊಡ ತುಂಬಲು ಒಂದು ಗಳಿಗೆ ಸಾಕು. ಕೊಡ ತುಂಬಿದ ಮೇಲೆ ಇಬ್ಬರೂ ನುಗ್ಗೆಮರದ ನೆರಳಿಗೆ ಕೂತು ಊರಿನ ಉಳಿದ ಕೊಳೆಯನ್ನೆಲ್ಲ ತೊಳೆಯುತ್ತಿದ್ದರು. ಮಕ್ಕಳಿಲ್ಲದ ಕೊಟ್ರಮ್ಮನಿಗೆ ದಿನದಲ್ಲಿ ನಗು ಬರುತ್ತಿದ್ದದ್ದು ಆ ಹೊತ್ತಿನಲ್ಲೇ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಕೊಟ್ರಮ್ಮ ತಮ್ಮನ ಮನೆಯ ನಾಮಕರಣಕ್ಕೆಂದು ಹೊಸದುರ್ಗಕ್ಕೆ ಹೋದಳು. ಹೆಂಡತಿ ಬರುವಷ್ಟರಲ್ಲಿ ಸಿಂಕು ಕೂರಿಸಿ ಅವಳನ್ನು ಬೆರಗುಗೊಳಿಸುವುದು ಎಂದು ರೇವಣಸಿದ್ದಪ್ಪ ನಿಶ್ಚಯಿಸಿದ. ಅವಳು ಬೇಕೆಂದಿದ್ದಳೇ? ಇಲ್ಲ. ಆದರೆ ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕುವವಳಿಗೆ ಸೊಂಟನೋವು ಇದ್ದೇ ಇರಬೇಕಲ್ಲ? ಇಂಥ ನೋವನ್ನು ಗಂಡನಾದವನು ಕೇಳದೆಯೇ ತಿಳಿಯಬೇಕು. ಹೀಗೆ ಅವಳ ಸೊಂಟಕ್ಕೆ ಅವನೇ ಒಂದು ನೋವು ಮಂಜೂರು ಮಾಡಿದ.

ಪಿಂಗಾಣಿಯದು ಬೆಂಗಳೂರಿನಲ್ಲಿ ಸಿಗುತ್ತಿತ್ತು. ಆದರೆ ಅದು ರೈಲಿನಲ್ಲಿ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಕುಲುಕಾಡಿ ಹಿರಿಯೂರು ಮುಟ್ಟುವಷ್ಟರಲ್ಲಿ ರಂಗೋಲಿ ಪುಡಿಯಾಗುತ್ತಿತ್ತು. ತಗಡಿನದಾದರೆ ಹುಣಸೆಹುಳಿಗೆ ತಡೆಯದು. ಕಡೆಗೆ ಕಲ್ಲೇ ಸರಿ ಎಂದು ದುರ್ಗಕ್ಕೆ ಹೋದ. ದುರ್ಗದಲ್ಲಿ ಕಲ್ಲಿಗೆ ಬರವೇ? ಬೆಟ್ಟದ ಬುಡದಲ್ಲಿ ಚಿತ್ತಯ್ಯ ಎಂಬ ಕಲ್ಲುಕುಟಿಗ ಸಿಕ್ಕ. ರೇವಣಸಿದ್ದಪ್ಪ ಇದ್ದಲಿನಲ್ಲಿ ನೆಲದ ಮೇಲೆ ಚಿತ್ರ ಬರೆದು ತೋರಿಸಿದ.

ಚಿತ್ತಯ್ಯ ತಲೆ ಓರೆ ಮಾಡಿ ನೋಡಿದ. "ಎಷ್ಟು ಎಮ್ಮೆಗೆ ಸ್ವಾಮಿ?"

"ಎಮ್ಮೆಗಲ್ಲಯ್ಯ. ಹೆಂಡ್ತಿಗೆ."

"ಹೆಂಡ್ರಿಗಾ? ದನಕ್ಕೆ ಗೋದಲಿ ಕಟ್ಸೋರ್ನ ಕಂಡಿದ್ದೆ, ಹೆಂಡ್ರಿಗೆ ಕಟ್ಸೋರ್ನ ಇವತ್ತೇ ಕಂಡಿದ್ದು."

"ಲೇ, ಪಾತ್ರೆ ತೊಳೆಯಾಕೆ. ದೊರೆಗಳ ಮನೇಲಿ ಹಿಂಗೇ ಇರ್ತೈತೆ."

ದೊರೆಗಳ ಹೆಸರು ಕೇಳಿ ಚಿತ್ತಯ್ಯನಿಗೆ ಭಕ್ತಿ ಬಂತು. ಒಂದು ಚಪ್ಪಡಿಗೆ ಸುತ್ತಿಗೆಯಿಂದ ತಟ್ಟಿದ, ಅದು ಠಣ್ಣೆಂದಿತು. "ಗಂಟೆ ಹಂಗೆ ನುಡೀತೈತೆ ನೋಡ್ರಿ. ಗಂಡುಗಲ್ಲು. ಮೂರ್ತಿ ಕಡೆಯೋದು ಇದರಾಗೇ." ಇನ್ನೊಂದಕ್ಕೆ ತಟ್ಟಿದ, ಅದು ದಪ್ಪ ದನಿಯಲ್ಲಿ ಗೊಣಗಿತು. "ಇದು ಹೆಣ್ಣುಗಲ್ಲು. ಪೀಠಕ್ಕೆ ಆಗ್ತೈತೆ, ಭಾರ ತಡೀತೈತೆ."

"ಅಡಿಗೆಮನೆಗೆ ಯಾವುದು ವಾಸಿ?"

"ಅಡಿಗೆಮನೇಲಿ ಗಂಡು ನುಡಿದ್ರೆ ಯಾರು ಕೇಳ್ತಾರೆ ಸ್ವಾಮಿ? ಹೆಣ್ಣುಗಲ್ಲೇ ತಗಳ್ರಿ."

ರೇವಣಸಿದ್ದಪ್ಪ ಹೆಣ್ಣುಗಲ್ಲನ್ನೇ ಆರಿಸಿದ. ಕರಿಬಣ್ಣ, ನಡುವೆ ಬೂದು ಗೆರೆ. ನೀರು ಚಿಮುಕಿಸಿದರೆ ಎಮ್ಮೆಯ ಮೈಯಂತೆ ಮಿಂಚುತ್ತಿತ್ತು. ಕಟ್ಟೆಯ ಎತ್ತರ ಎಷ್ಟು ಎಂದು ಚಿತ್ತಯ್ಯ ಕೇಳಿದಾಗ ತನ್ನ ಸೊಂಟದ ಮೇಲೆ ಕೈಯಿಟ್ಟು, "ಇಷ್ಟು" ಎಂದ. ರೇವಣಸಿದ್ದಪ್ಪ ಆರಡಿಯ ಆಳು. ಕೊಟ್ರಮ್ಮ ಅವನ ಎದೆಗೆ ಬರುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಅವಳ ಸೊಂಟದ ನೋವು ಗೊತ್ತಿತ್ತೇ ಹೊರತು ಸೊಂಟ ಎಲ್ಲಿದೆ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ತೊಟ್ಟಿ ಕಡೆದು, ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ, ಚಿತ್ತಯ್ಯನೇ ಹಿರಿಯೂರಿಗೆ ಬಂದ. ಅಡಿಗೆಮನೆಯ ಹಿಂಗೋಡೆಗೆ ಒರಗಿಸಿ ಗಾರೆಯಲ್ಲಿ ಕಟ್ಟೆ ಎಬ್ಬಿಸಿದ, ಚಪ್ಪಡಿ ಕೂರಿಸಿದ, ಗೋಡೆ ಕೊರೆದು ಮಣ್ಣಿನ ಕೊಳವೆ ಇಟ್ಟ. ಕೊಳವೆಯ ಬಾಯಿ ಹಿತ್ತಲಲ್ಲಿ ಸರಿಯಾಗಿ ಬಾನಿಯ ನೆತ್ತಿಗೆ ಬಂತು.

"ಇಲ್ಲಿ ಬಾನಿ ಐತಲ್ಲ ಸ್ವಾಮಿ. ಏನ್ ಮಾಡಾಣ?"

ರೇವಣಸಿದ್ದಪ್ಪನಿಗೆ ಬಟ್ಲರನ ಗತ್ತು ನೆನಪಾಯಿತು. "ಎತ್ತಿ ಆ ಮೂಲೇಲಿ ಬೋರಲಾಕು. ನೀರು ಸೀದಾ ಬೀದಿ ಚರಂಡಿಗೆ ಹೋಗ್ಲಿ" ಎಂದ.

ಮಾರನೆಯ ದಿನ ಪಕ್ಕದ ಮನೆಯ ಜವಳಿ ಅಂಗಡಿಯ ಮೂರ್ತಪ್ಪ ಹೊಸ ಕಟ್ಟೆ ನೋಡಲು ಬಂದಿದ್ದ. ಮೂರ್ತಪ್ಪನ ಬಾಯಿಂದ ಹೊಗಳಿಕೆ ಬರುವುದು ಅವನ ಅಂಗಡಿಯಿಂದ ಕೊಸರು ಬಟ್ಟೆ ಬರುವಷ್ಟೇ ಅಪರೂಪ; ಅಂದು ಬಂದಿತ್ತು. ರೇವಣಸಿದ್ದಪ್ಪ ಅದನ್ನು ಸವಿಯುತ್ತ ಹಿತ್ತಲಲ್ಲಿ ನಿಂತಿರುವಾಗ ಮುದ್ದಕ್ಕ ಕೊಡ ಹಿಡಿದು ಬಂದಳು. ಬೋರಲು ಬಿದ್ದ ಬಾನಿಯನ್ನು ನೋಡಿದಳು.

"ಇದ್ಯಾಕೆ ಯಜಮಾನ್ರೆ, ಬಾನಿ ಮಕಾಡೆ ಮಲಗೈತೆ?"

ನಾನೇ ತೆಗೆಸಿದೆ, ಜಾಗಕ್ಕೆ ಅಡ್ಡ ಬಂತು, ಬೇರೆ ಕಡೆ ಇಡಿಸ್ತೀನಿ. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಮೂರ್ತಪ್ಪ ಇದ್ದ. ದೊರೆಯ ಅಡಿಗೆಮನೆಯ ಮಾತಿನ ನಡುವೆ ಎಮ್ಮೆಯ ಕಲಗಚ್ಚಿಗೆ ಜವಾಬು ಕೊಡುವುದು ಅವನಿಗೆ ಮುಜುಗರವಾಯಿತು. ಸುಲಭವಾದ ಮಾತೊಂದು ತಾನಾಗಿ ನಾಲಿಗೆಗೆ ಬಂತು. "ನಮ್ಮಾಕೆ ಬ್ಯಾಡ ಅಂದ್ಲು ಮುದ್ದಕ್ಕ. ನಾತ ಬರ್ತೈತೆ ಅಂತಾಳೆ."

"ಅಮ್ಮಾರು ಅಂದ್ರಾ?"

"ಹೂಂ."

ಮುದ್ದಕ್ಕ ಖಾಲಿ ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಎರಡು ಓಣಿಗೆ ಕೇಳುವ ಗಂಟಲಿನವಳು ಏನೂ ಹೇಳದೆ ಹೋದಳು. ನಾತ ಅಂದವನು ಮನೆಯ ನಾಥನೇ. ಹೊತ್ತದ್ದು ಮಾತ್ರ ಹೊಸದುರ್ಗದಲ್ಲಿ ತೊಟ್ಟಿಲು ತೂಗುತ್ತಿದ್ದ ಕೊಟ್ರಮ್ಮ.

ಕೊಟ್ರಮ್ಮ ಊರಿಂದ ಬಂದು ಅಡಿಗೆಮನೆ ಬಾಗಿಲಲ್ಲಿ ಗಂಟು ಹಿಡಿದೇ ನಿಂತಳು. ಚಪ್ಪಡಿಯ ಅಂಚು ಅವಳ ಎದೆಗೆ ಬಂತು. ಗಂಡ ಚೊಂಬಿನ ನೀರು ಸುರಿದು, ಅದು ಗೊಳಕ್ಕೆಂದು ಮಾಯವಾಗುವುದನ್ನು ತೋರಿಸಿದ.

"ನೀರು ಹೋಗೋ ದಾರಿ ಮಾಡೀರಿ. ಬರೋ ದಾರಿ?" ಎಂದಳು.

ಅವನು ಯೋಚಿಸಿರಲಿಲ್ಲ. ಬಂಗಲೆಯ ಮಾಡಿನ ಮೇಲೆ ನೀರಿನ ತೊಟ್ಟಿಯಿತ್ತು, ಅದನ್ನು ತುಂಬಲು ಆಳುಗಳಿದ್ದರು. ಇಲ್ಲಿ ಬಾವಿಯಿಂದ ಸೇದಿ, ಹೊತ್ತು ತಂದು, ಎದೆಯೆತ್ತರದ ಚಪ್ಪಡಿಯ ಮೇಲೆ ಒಂದು ಹಂಡೆ ಇಟ್ಟು ಅದಕ್ಕೆ ಏರಿಸಬೇಕಾದವಳು ಕೊಟ್ರಮ್ಮನೇ. ಅವಳು ಗಂಡನ ಮುಖ ನೋಡಿದಳು, ಅಲ್ಲಿದ್ದ ಉತ್ಸಾಹ ನೋಡಿದಳು, "ಚೆಂದಾಗೈತೆ ಬಿಡ್ರಿ" ಅಂದಳು. ಮರುದಿನದಿಂದ ಊಟದ ಮಣೆಯೊಂದನ್ನು ಕಟ್ಟೆಯ ಬುಡಕ್ಕೆ ಹಾಕಿ, ಅದರ ಮೇಲೆ ನಿಂತು ಪಾತ್ರೆ ತೊಳೆಯತೊಡಗಿದಳು. ಇಳಿದು ಹತ್ತಿ, ಹತ್ತಿ ಇಳಿದು, ಇಲ್ಲದ ಸೊಂಟನೋವು ನಿಜವಾಗಿ ಬಂತು.

ಬಾನಿ ಯಾಕೆ ಬೋರಲಾಗಿದೆ ಎಂದು ಕೇಳಿದಳು. ಕೊಳವೆಗೆ ಅಡ್ಡ ಬಂತು ಎಂದ, ಅದು ನಿಜವೇ. ಅವಳು ಕಲಗಚ್ಚನ್ನು ಒಂದು ಗಡಿಗೆಯಲ್ಲಿ ಹಿಡಿದಿಟ್ಟು ಮುದ್ದಕ್ಕನಿಗೆ ಕಾದಳು. ಮುದ್ದಕ್ಕ ಬರಲಿಲ್ಲ. ಗಡಿಗೆ ಹುಳಿ ಬಂದು ಬುರುಗೆದ್ದಿತು. ಬೇಲಿಯ ಹತ್ತಿರ ಹೋಗಿ ಕೂಗಿ ಕರೆದಳು.

"ಯಾಕೆ ಮುದ್ದಕ್ಕ, ಬರ್ಲೇ ಇಲ್ಲ? ತೆಗ್ದಿಟ್ಟೀನಿ."

"ಬ್ಯಾಡ ಬಿಡ್ರಿ ಅಮ್ಮಾರೆ. ನಮಗೆ ಬ್ಯಾರೆ ಕಡೆ ಸಿಗ್ತೈತೆ" ಎಂದಳು ಮುದ್ದಕ್ಕ, ಬೆನ್ನು ತಿರುಗಿಸದೆ, ಮುಖವನ್ನೂ ತೋರಿಸದೆ, ಪಕ್ಕಕ್ಕೆ ನೋಡುತ್ತ.

ಕೊಟ್ರಮ್ಮ ಒಳಗೆ ಬಂದು ಗಡಿಗೆಯನ್ನು ಸಿಂಕಿಗೆ ಸುರಿದಳು. ಗೊಳಕ್. "ಯಾವ ಮನೆಯೋರು ತೌಡು ಜಾಸ್ತಿ ಹಾಕ್ತಾರೋ" ಅಂದಳು. ಆಮೇಲೆ ಮುದ್ದಕ್ಕನ ಹೆಸರು ಎತ್ತಲಿಲ್ಲ. ಹೊತ್ತೇರುವಾಗ ಮಾತ್ರ ಅಭ್ಯಾಸಬಲದಿಂದ ಹಿತ್ತಲ ಬಾಗಿಲಿಗೆ ಹೋಗಿ, ಅಗುಳಿ ತೆಗೆದು, ನುಗ್ಗೆಮರ ನೋಡಿ, ಅಗುಳಿ ಹಾಕಿ ಬರುತ್ತಿದ್ದಳು. ರೇವಣಸಿದ್ದಪ್ಪ ಮಂಡಿಗೆ ಹೊರಡುವ ಮುಂಚೆ ಇದನ್ನು ದಿನಾ ನೋಡಬೇಕಾಗಿತ್ತು. ಇಬ್ಬರು ಹೆಂಗಸರು, ಇಬ್ಬರಿಗೂ ಇನ್ನೊಬ್ಬಳು ತನ್ನನ್ನು ಬಿಟ್ಟಳು ಎಂಬ ದುಃಖ. ನಡುವೆ ನಿಜ ಗೊತ್ತಿದ್ದವನು ಅವನೊಬ್ಬ. ಕಟ್ಟೆ ಕಟ್ಟಿ ಕೆಟ್ಟೆನಲ್ಲ ಎಂದು ಒಬ್ಬನೇ ಗೊಣಗಿದ. ತಮಾಷೆ ಚೆನ್ನಾಗಿತ್ತು. ಕೇಳಿಸಿಕೊಂಡು ನಗುವವರು ಇರಲಿಲ್ಲ.

ಬೇರೆ ಕಡೆ ಸಿಗುತ್ತದೆ ಎಂದದ್ದು ಮುದ್ದಕ್ಕನ ಬಿಗುಮಾನ. ಸುತ್ತಲಿನ ಮನೆಗಳಲ್ಲೆಲ್ಲ ಅವರವರ ಎಮ್ಮೆಗಳೇ ಇದ್ದವು. ಬೇಸಿಗೆ ಏರಿತು, ಹೊಳೆದಂಡೆಯ ಹಸಿರು ಬೆಂಕಿಯ ಬಣ್ಣಕ್ಕೆ ತಿರುಗಿತು. ಚುಕ್ಕಿ ಗಬ್ಬವಾಗಿತ್ತು, ಹೊಟ್ಟೆ ಕೆಳಗಿಳಿಯುವ ಕಾಲಕ್ಕೆ ಪಕ್ಕೆಲುಬು ಮೇಲೆದ್ದವು. ಒಂದು ದಿನ ಮಂಡಿಯ ಎದುರೇ ಅದು ಹಾದುಹೋಯಿತು. ಎಮ್ಮೆಗಳು ಮನುಷ್ಯರನ್ನು ನಿಂತು ನೋಡುವುದುಂಟು, ಅದಕ್ಕೆ ವಿಶೇಷ ಅರ್ಥವಿಲ್ಲ. ಚುಕ್ಕಿ ನಿಂತು ನೋಡಿತು. ರೇವಣಸಿದ್ದಪ್ಪ ಎದ್ದು ಒಳಗೆ ಹೋಗಿ ಕೊಬ್ಬರಿ ರಾಶಿಯ ಹಿಂದೆ ನಿಂತುಕೊಂಡ. ಆಕಾಶ ನೋಡುವ ಚಟ ಹತ್ತಿದ್ದು ಆವತ್ತಿನಿಂದ.

ಹೇಳಿಬಿಡಬೇಕು ಅಂದುಕೊಂಡ. ಹೇಳುವುದು ಸುಲಭವಾಗಿರಲಿಲ್ಲ. ತಪ್ಪು ಒಂದು ಸುಳ್ಳಿನದಾಗಿದ್ದರೆ ಒಂದು ಮಾತಿನಲ್ಲಿ ಕಳೆಯುತ್ತಿತ್ತು. ಹೆಂಡತಿಯ ಹೆಸರಿನಲ್ಲಿ ಹೇಳಿದ ಸುಳ್ಳನ್ನು ಎರಡು ಮನೆಗಳಲ್ಲಿ ಒಪ್ಪಿಕೊಳ್ಳಬೇಕು. ಅದರ ಬದಲು ಉಪಾಯ ಹುಡುಕಿದ. ಗಾಣದ ಮನೆಯಿಂದ ಕಡ್ಲೆಕಾಯಿ ಹಿಂಡಿ ತಂದು, ಬೆಳಕು ಹರಿಯುವ ಮುಂಚೆ ಮುದ್ದಕ್ಕನ ಬೇಲಿಯೊಳಕ್ಕೆ ಎಸೆದು ಬಂದ. ಮನಸ್ಸು ಹಿಂಡುತ್ತಿದ್ದವನಿಗೆ ಹಿಂಡಿಯೇ ಮದ್ದು ಎಂದು ತೋರಿತು.

ಹೊತ್ತು ಹುಟ್ಟುವಾಗ ಮುದ್ದಕ್ಕನ ಗಂಟಲು ಮತ್ತೆ ಕೇಳಿಸಿತು. ಓಣಿಯವರೆಲ್ಲ ಸೇರಿದರು. ರೇವಣಸಿದ್ದಪ್ಪನೂ ಹೋಗಬೇಕಾಯಿತು, ಹೋಗದಿದ್ದರೆ ಅನುಮಾನ.

"ನೋಡ್ರಿ ಯಜಮಾನ್ರೆ, ಯಾವನೋ ನನ್ನೆಮ್ಮೆಗೆ ಮದ್ದಾಕಾಕೆ ಬಂದವ್ನೆ" ಎಂದು ಮುದ್ದಕ್ಕ ಹಿಂಡಿಯ ಹೆಂಟೆ ತೋರಿಸಿದಳು. "ಹೇಳ್ದೆ ಕೇಳ್ದೆ ರಾತ್ರೋರಾತ್ರಿ ಹಿಂಡಿ ಎಸೆಯೋ ಧರ್ಮಾತ್ಮ ಈ ಊರಾಗೆ ಯಾವನವ್ನೆ? ನೀವೇ ಹೇಳ್ರಿ."

"ಯಾರೂ ಇಲ್ಲ" ಎಂದ ರೇವಣಸಿದ್ದಪ್ಪ.

"ಅವನ ಕೈ ಸೇದೋಗ" ಎಂದು ಅವಳು ಶಪಿಸಿದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು, ಅವನೂ ಆಡಿಸಿದ. ಹಿಂಡಿಯನ್ನು ತಿಪ್ಪೆಯಲ್ಲಿ ಹೂತರು. ಆವತ್ತು ಮಧ್ಯಾಹ್ನ ಅವನಿಗೆ ಬಲಗೈ ಸ್ವಲ್ಪ ಜೋಮು ಹಿಡಿದಂತೆ ಆಯಿತು.

ಒಂದು ಬೆಳಿಗ್ಗೆ ಮಂಡಿಯಲ್ಲಿ ಮಾತು ಬಂತು: ಧರ್ಮಪುರದ ಕಡೆಯ ರೆಡ್ಡಿಯೊಬ್ಬ ಎಮ್ಮೆ ಹುಡುಕಿಕೊಂಡು ಬಂದಿದ್ದಾನೆ, ಮುದ್ದಕ್ಕ ಚುಕ್ಕಿಯನ್ನು ಕೊಡುತ್ತಾಳಂತೆ. "ಅಲ್ಲಿ ಕಡ್ಲೆಕಾಯಿ ಬಳ್ಳಿ ಐತೆ, ಬದುಕಿಕೊಂತೈತೆ. ಇಲ್ಲಿ ನನ್ನ ಕಣ್ಮುಂದೆ ಹೋದ್ರೆ ತಡಿಯಾಕಾಗಲ್ಲ" ಅಂದಳಂತೆ. ರೇವಣಸಿದ್ದಪ್ಪ ರುಮಾಲು ಸುತ್ತಿ ಎದ್ದ. ಈಗಲೇ ಹೋಗಿ ಹೇಳುವುದು. ಬಾನಿ ಮೊದಲಿನ ಜಾಗಕ್ಕೆ ಬರುತ್ತದೆ, ನಾತ ಅಂದದ್ದು ನಾನು, ಎಮ್ಮೆ ಕೊಡಬೇಡ.

ಮನೆಯ ಮುಂದೆ ಹಾಯುವಾಗ ಮೂರ್ತಪ್ಪ ಜಗಲಿಯಲ್ಲಿ ಕಾಯುತ್ತಿದ್ದ. ಜತೆಗೆ ಅವನ ಹೊಳಲ್ಕೆರೆಯ ಬೀಗರು, ಜರಿರುಮಾಲಿನವರು.

"ಬಂದ್ರಲ್ಲ. ನಿಮ್ಮ ಸಿಂಕು ನೋಡಾಕಂತಲೇ ಇವರು ಊರಿಗೆ ಹೊರಡೋದು ನಿಲ್ಸವ್ರೆ" ಎಂದ ಮೂರ್ತಪ್ಪ.

"ಒಂದು ಗಳಿಗೆ ಕೆಲ್ಸ ಐತೆ, ಬಂದ್ಬಿಡ್ತೀನಿ."

"ಗಳಿಗೆ ಕೆಲ್ಸ ಎಲ್ಲಿಗೆ ಓಡೋಗ್ತೈತೆ? ತೋರ್ಸಿ ಹೋಗ್ರಿ."

ತೋರಿಸಿ ಹೋಗುವುದೆಂದೇ ಒಳಗೆ ಹೊಕ್ಕ. ನೀರು ಸುರಿದ, ಬೀಗರು ಬಗ್ಗಿ ತೂತು ನೋಡಿದರು, ಹಿತ್ತಲಿಗೆ ಓಡಿ ಕೊಳವೆ ನೋಡಿದರು, ಮತ್ತೆ ಸುರಿಸಿದರು. ಹೆಣ್ಣುಗಲ್ಲು ಗಂಡುಗಲ್ಲಿನ ಕಥೆ ಕೇಳಿದರು. ಬಟ್ಲರನ ಕಥೆಗೆ ನಕ್ಕರು. ನಾವು ಕಟ್ಟೆ ಕಟ್ಟೋವಾಗ ಎಂದು ರೇವಣಸಿದ್ದಪ್ಪ ಶುರು ಮಾಡಿದ. ಮೊದಲ ಬಾರಿಗೆ ಯಾರೂ ಯಾರನ್ನೂ ಮೊಣಕೈಯಲ್ಲಿ ತಿವಿಯದೆ ಕೇಳಿದರು. ಕೊಟ್ರಮ್ಮ ಬೆಲ್ಲದ ಪಾನಕ ಕೊಟ್ಟಳು. ಮಾತಿನ ನಡುವೆ ಒಂದೆರಡು ಸಲ ಅವನಿಗೆ ಚುಕ್ಕಿಯ ನೆನಪಾಯಿತು. ಈ ಕಥೆ ಮುಗಿಸಿ ಏಳುವುದು ಅಂದುಕೊಂಡ. ಆ ಕಥೆಯ ಬಾಲಕ್ಕೆ ಇನ್ನೊಂದು ಕಥೆಯ ತಲೆ ಅಂಟಿಕೊಂಡಿತ್ತು.

ಅವನು ಮುದ್ದಕ್ಕನ ಕೊಟ್ಟಿಗೆಗೆ ಹೋದಾಗ ಬಿಸಿಲು ಇಳಿದಿತ್ತು. ಗೂಟ ಇತ್ತು, ಸೆಗಣಿ ಇನ್ನೂ ಒದ್ದೆಯಿತ್ತು. ಎಮ್ಮೆ ಮಾರಿದರೂ ಕೊರಳ ಹಗ್ಗ ಕೊಡುವುದಿಲ್ಲ, ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಹೋಗುತ್ತಾಳೆ ಅಂತ ಪದ್ಧತಿ. ಮುದ್ದಕ್ಕ ಬಾಗಿಲ ಹೊರಗೆ ಕೂತು ಆ ಹಗ್ಗವನ್ನು ಮಡಿಲಲ್ಲಿ ಸುತ್ತುತ್ತಿದ್ದಳು.

"ಏನ್ ಯಜಮಾನ್ರೆ, ಈ ಕಡೆ?"

"ಏನಿಲ್ಲ" ಎಂದ ರೇವಣಸಿದ್ದಪ್ಪ. "ಹಿಂಗೇ."

ಆ ಸಂಜೆ ಅವನು ಉಣ್ಣಲು ಕೂತು, ಉಂಡು, ತಟ್ಟೆಗೆ ನೀರು ಹಾಕಿ ತೊಳೆದ. ಕುಡಿಯದೆ ಎದ್ದ. ಬೆಳಿಗ್ಗೆ ಕೊಟ್ರಮ್ಮ ಮಣೆಯ ಮೇಲೆ ನಿಂತು ಅಕ್ಕಿ ತೊಳೆಯುತ್ತಿದ್ದಾಗ ಹಿಂದಿನಿಂದ ಹೋಗಿ, ಅವಳ ಬೆನ್ನಿಗೆ ಎಲ್ಲವನ್ನೂ ಹೇಳಿದ. ಅವಳು ತಿರುಗಲಿಲ್ಲ. ಅಕ್ಕಿ ತೊಳೆಯುವ ಕೈ ಮಾತ್ರ ನಿಂತಿತು.

"ನಾತ ಬರ್ತೈತೆ ಅಂತ ನಾನು ಹೇಳ್ದೆ ಅಂದ್ರಾ?"

"ಹೂಂ."

"ನಾನು ಯಾವತ್ತಾದ್ರೂ ಹಂಗಂದಿದ್ನಾ?"

"ಇಲ್ಲ."

"ಸೊಂಟ ನೋವು ಅಂದಿದ್ನಾ?"

"ಅದೂ ಇಲ್ಲ."

"ನನ್ನ ಬಾಯಾಗೆ ಇನ್ನೂ ಏನೇನು ಇಟ್ಟೀರೋ, ಒಂದ್ಸಲಕ್ಕೇ ಹೇಳ್ಬಿಡ್ರಿ. ನಾನೂ ತಿಳ್ಕಂತೀನಿ" ಎಂದಳು. ಬೈದಿದ್ದರೆ ಅವನಿಗೆ ಹಿತವಾಗುತ್ತಿತ್ತು. ಅವಳು ಮಣೆಯಿಂದ ಇಳಿದು, ಸೆರಗಿಗೆ ಕೈ ಒರೆಸಿ, ಅಕ್ಕಿಯನ್ನು ನೀರಲ್ಲೇ ಬಿಟ್ಟು ಹಿತ್ತಲ ಬಾಗಿಲಿನಿಂದ ಹೊರಟಳು. ಅವನು ಹಿಂದೆ ಹೋದ. ಕರೆದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ.

ಮುದ್ದಕ್ಕನ ಮನೆಯೊಳಗೆ ಕೊಟ್ರಮ್ಮ ಒಬ್ಬಳೇ ಹೋದಳು. ಅವನು ಖಾಲಿ ಕೊಟ್ಟಿಗೆಯಲ್ಲಿ, ಗೂಟದ ಪಕ್ಕ, ಎಮ್ಮೆ ನಿಲ್ಲುವ ಜಾಗದಲ್ಲೇ ನಿಂತಿದ್ದ. ಮಣ್ಣಿನ ಗೋಡೆಯಾಚೆಯಿಂದ ಮಾತು ಕೇಳಿಸುತ್ತಿತ್ತು.

"ಮತ್ತೆ ನೀನ್ಯಾಕೆ ಬ್ಯಾರೆ ಕಡೆ ಸಿಗ್ತೈತೆ ಅಂದಿ?" ಕೊಟ್ರಮ್ಮನ ದನಿ.

"ನಾತ ಅನ್ನಿಸ್ಕಂಡು ಕೈ ಚಾಚ್ಲಾ? ಚುಕ್ಕಿ ಹಾಲು ಬತ್ತೋ ಗಂಟ ನಿಮ್ಮನ್ನ ಬೈಕಂಡೇ ಮೊಸರು ಕಡೆದೀನಿ. ಬೆಣ್ಣೆ ಬಂದಿಲ್ಲ ಒಂದಿನಾನೂ." ಮುದ್ದಕ್ಕನ ದನಿ ಒಡೆಯಿತು. "ಯಾರ್ನೋ ಬೈಯೋದು ಬಿಟ್ಟು ನಿಮ್ಮನ್ನ ಬೈದ್ನಲ್ಲ ಅಮ್ಮಾರೆ."

"ನಾನೂ ನಿನ್ನ ಬೈದೀನಿ ಬಿಡು. ಸರಿಗೆ ಸರಿ ಆತು."

ಆಮೇಲೆ ಮುದ್ದಕ್ಕ ಏನೋ ತಗ್ಗಿದ ದನಿಯಲ್ಲಿ ಅಂದಳು, ಕೊಟ್ರಮ್ಮ ಏನೋ ಅಂದಳು, "ಹಿಂಡೀನೂ ಅವರೇನಾ?" ಎಂಬುದು ಮಾತ್ರ ಸ್ಪಷ್ಟ ಕೇಳಿತು. ಇಬ್ಬರೂ ನಕ್ಕರು. ಅತ್ತ ಕಣ್ಣಲ್ಲೇ ನಗುವ ನಗು ಅದು. ಗೋಡೆಯ ಈಚೆಯವನಿಗೆ ಅದರಲ್ಲಿ ಪಾಲಿರಲಿಲ್ಲ.

ಧರ್ಮಪುರಕ್ಕೆ ಹೋದ ಎಮ್ಮೆ ತಿರುಗಿ ಬರಲಿಲ್ಲ. ರೇವಣಸಿದ್ದಪ್ಪ ತಾನೇ ಹೋಗಿ ರೆಡ್ಡಿಯನ್ನು ಕಂಡ, ಕೇಳಿದ. ವೀಳ್ಯ ಹಿಡಿದ ಮಾತು ಮುರಿಯಲ್ಲ ಎಂದು ಆ ಮನುಷ್ಯ ಮರ್ಯಾದೆಯಿಂದಲೇ ಕಳಿಸಿದ. ಅಲ್ಲಿ ಚುಕ್ಕಿ ಕಡ್ಲೆಬಳ್ಳಿ ಮೆಲ್ಲುತ್ತ ನಿಂತಿತ್ತು. ಅವನನ್ನು ಅದು ನೋಡಲೂ ಇಲ್ಲ.

ಕೊಟ್ರಮ್ಮ ತಮ್ಮನಿಗೆ ಹೇಳಿಕಳಿಸಿ, ಹೊಸದುರ್ಗದಿಂದ ಇನ್ನೂ ಈಯದ ಒಂದು ಎಮ್ಮೆ ಮಣಕವನ್ನು ಪಾಲಿಗೆ ತರಿಸಿದಳು. ಸಾಕುವವಳು ಮುದ್ದಕ್ಕ, ಮುಂದೆ ಹುಟ್ಟುವ ಕರುಗಳಲ್ಲಿ ಒಂದು ತಮ್ಮನಿಗೆ, ಒಂದು ಇವಳಿಗೆ. ಬಾನಿ ಮೊದಲಿನ ಜಾಗಕ್ಕೆ ಬಂತು, ಕೊಳವೆ ನುಗ್ಗೆಮರದ ಕಡೆ ತಿರುಗಿತು. ಬೂದಿ ನೀರು ಮಾತ್ರ ಸಿಂಕಿಗೆ. ಕಲ್ಲೇನು ತಪ್ಪು ಮಾಡಿದೆ ಎಂದು ಕೊಟ್ರಮ್ಮ ಅದನ್ನು ಕೀಳಿಸಲಿಲ್ಲ. ಮುದ್ದಕ್ಕ ಮಾತ್ರ ಆ ಹಿತ್ತಲಿಗೆ ಕಾಲಿಡಲಿಲ್ಲ. ಕೊಟ್ರಮ್ಮನೇ ಅವಳ ಮನೆಗೆ ಹೋಗಿ ಕೂರುತ್ತಿದ್ದಳು.

"ಹಂಗಾರೆ ಕಲಗಚ್ಚು ಯಾರು ಒಯ್ಯೋದು?" ಎಂದು ರೇವಣಸಿದ್ದಪ್ಪ ಕೇಳಿದ.

ಕೊಟ್ರಮ್ಮ ಬಾನಿಗೆ ತೌಡು ಹಾಕಿ ಕಲಕುತ್ತಿದ್ದಳು. "ನಾತ ಅಂದೋರು ಹೊರ್ರಿ."

"ಕತ್ತಲಾದ ಮೇಲೆ ಕೊಟ್ಟು ಬರ್ತೀನಿ."

"ಎಮ್ಮೆ ಕುಡಿಯೋದು ಹೊತ್ತೇರಿದಾಗ."

ಹೊತ್ತೇರಿದಾಗ ಅಂದರೆ ಮಂಡಿಗಳು ತೆರೆದಿರುವ ಹೊತ್ತು, ಮೂರ್ತಪ್ಪ ಜಗಲಿಯಲ್ಲಿರುವ ಹೊತ್ತು. ಆರಡಿಯ ಆಳು ಬಗ್ಗಿ ಕೊಡವನ್ನು ಎತ್ತಿ ಹೆಗಲಿಗಿಟ್ಟ. ಹುಳಿ ವಾಸನೆಯ ನೀರು ತುಳುಕಿ ಅಂಗಿಯ ತೋಳಿಗೆ ಇಳಿಯಿತು. ಮೂರ್ತಪ್ಪ ಜಗಲಿಯಿಂದ ಎದ್ದು ನಿಂತು ನೋಡಿದ. ಕೊಬ್ಬರಿ ತಂದಿದ್ದ ರೈತನೊಬ್ಬ ಅಭ್ಯಾಸದಂತೆ ಪಕ್ಕದವನಿಗೆ ಮೊಣಕೈ ತಾಗಿಸಿದ. ರೇವಣಸಿದ್ದಪ್ಪ ಆಕಾಶ ನೋಡಲಿಲ್ಲ. ನೋಡಿದರೆ ಕೊಡ ತುಳುಕುತ್ತಿತ್ತು.

ಕೊಟ್ಟಿಗೆಯಲ್ಲಿ ಮುದ್ದಕ್ಕ ಹುಲ್ಲು ಬಿಡಿಸುತ್ತಿದ್ದಳು. ಬಂದದ್ದು ಯಾರೆಂದು ನೋಡಿದಳು, ಮತ್ತೆ ಹುಲ್ಲು ಬಿಡಿಸಿದಳು. ಅವನು ಕೊಡ ಇಳಿಸಿ, ಅಲ್ಲಿದ್ದ ಬಾನಿಗೆ ಸುರಿದು, ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಹೇಳಲು ಗಂಟಲು ಸರಿಮಾಡಿಕೊಂಡ. ಹೊಸ ಮಣಕ ಅವನನ್ನು ಕಂಡು ಬೆದರಿ, ಹಗ್ಗ ಎಳೆದು, ಗೋಡೆಗೆ ಒತ್ತಿಕೊಂಡಿತು.

"ರುಮಾಲು ತೆಗೀರಿ. ಅದಕ್ಕೇಯ ಹೆದರ್ತೈತೆ" ಎಂದಳು ಮುದ್ದಕ್ಕ.

ಹೆಣದ ಮನೆಯಲ್ಲಿ ಬಿಟ್ಟರೆ ರೇವಣಸಿದ್ದಪ್ಪ ಪರರ ಮುಂದೆ ಬರಿದಲೆಯಲ್ಲಿ ನಿಂತವನಲ್ಲ. ರುಮಾಲು ತೆಗೆದ. ಎಲ್ಲಿಡಬೇಕೋ ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡ. ನೆತ್ತಿಗೆ ಗಾಳಿ ತಾಗಿತು. ಜೋಡಿಸಿಕೊಂಡ ಮಾತು ಯಾವುದೂ ನೆನಪಿಗೆ ಬರಲಿಲ್ಲ. ಮಣಕ ಒಂದು ಹೆಜ್ಜೆ ಮುಂದೆ ಬಂತು, ನಿಂತಿತು, ಬಾನಿಯ ನೀರನ್ನು ಮೂಸಿತು, ಮೂತಿ ಅದ್ದಿತು.

ಅದು ಕುಡಿಯುವುದನ್ನು ಇಬ್ಬರೂ ನೋಡುತ್ತ ನಿಂತರು.

"ನಾಳೆಯಿಂದ ಬರೀ ತಲೇಲೇ ಬರ್ರಿ" ಎಂದು ಮುದ್ದಕ್ಕ ಖಾಲಿ ಕೊಡವನ್ನು ಅವನ ಕಡೆ ಸರಿಸಿದಳು.